ಬೆಂಗಳೂರು–ಮಂಗಳೂರು ವಿಮಾನ: 40 ನಿಮಿಷವೋ, 1 ಗಂಟೆ 10 ನಿಮಿಷವೋ?

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಗೆ ಎಷ್ಟು ದೂರ, ನೆಟ್‌ನಲ್ಲಿ 40 ನಿಮಿಷ ಅಂತಿರುವಾಗ ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಯಾಕೆ ಅಂತ ಕೇಳಿದ್ದೀರಿ. ಎರಡೂ ಸರಿಯೇ, ಅಳತೆ ಮಾತ್ರ ಬೇರೆ ಬೇರೆ.

ನೇರ ದೂರ ಸುಮಾರು 306 ಕಿ.ಮೀ. ನೀವೇ ಲೆಕ್ಕ ಹಾಕಬಹುದು: ಬೆಂಗಳೂರು ನಿಲ್ದಾಣ 77.71 ಡಿಗ್ರಿ ರೇಖಾಂಶದಲ್ಲಿದೆ, ಬಜಪೆ 74.89ರಲ್ಲಿ. ವ್ಯತ್ಯಾಸ 2.82. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ 108.5 ಕಿ.ಮೀ., ಗುಣಿಸಿದರೆ ಬಂತು. ಬಜಪೆ 26 ಕಿ.ಮೀ. ದಕ್ಷಿಣಕ್ಕಿದ್ದರೂ ಅದರಿಂದ ಹೆಚ್ಚುವುದು ಒಂದೇ ಕಿಲೋಮೀಟರ್. ರಸ್ತೆಯಲ್ಲಾದರೆ ನೆಲಮಂಗಲ, ಹಾಸನ, ಶಿರಾಡಿ ಘಾಟಿ ಮೇಲೆ 380 ಕಿ.ಮೀ. ಹತ್ತಿರ, ಏಳೆಂಟು ತಾಸು.

40 ನಿಮಿಷ ಅನ್ನೋದು ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗಿನ ಹೊತ್ತು. ಟಿಕೆಟ್‌ನಲ್ಲಿರೋದು ವಿಮಾನ ಬೆಂಗಳೂರಿನಲ್ಲಿ ನಿಂತ ಜಾಗ ಬಿಟ್ಟು ಬಜಪೆಯಲ್ಲಿ ಬಂದು ನಿಲ್ಲುವವರೆಗಿನ ಹೊತ್ತು. ನಡುವೆ ಟ್ಯಾಕ್ಸಿ ಮಾಡುವುದು (ಅಂದರೆ ವಿಮಾನ ನೆಲದ ಮೇಲೆ ಉರುಳುತ್ತಾ ಹೋಗುವುದು), ರನ್‌ವೇ ಮುಂದೆ ಸಾಲು ಕಾಯುವುದು ಎಲ್ಲ ಸೇರುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಇದಕ್ಕೇ 20 ನಿಮಿಷ ಹೋದರೂ ಆಶ್ಚರ್ಯವಿಲ್ಲ. ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ವಿಮಾನ ಏರುವುದು ಗಾಳಿಗೆ ಎದುರಾಗಿ, ಹಾಗಾಗಿ ಪಶ್ಚಿಮದ ಗಾಳಿ ಇದ್ದರೆ ಏರುವಾಗಲೇ ಮಂಗಳೂರಿನ ಕಡೆ ಮುಖ ಮಾಡಿರುತ್ತದೆ. ಪೂರ್ವದ ಗಾಳಿಯಾದರೆ ಹೊಸಕೋಟೆ ದಿಕ್ಕಿಗೆ ಏರಿ, ಸುತ್ತಿ ವಾಪಸ್ ಬರಬೇಕು.

ಇನ್ನೊಂದು ಮಾತು. ಎಟಿಆರ್ (ಪ್ರೊಪೆಲ್ಲರ್‌ನ ಚಿಕ್ಕ ವಿಮಾನ) ಸಿಕ್ಕಿತು, ನಿಧಾನ ಅಂತ ಬೇಸರಪಡಬೇಡಿ. ಅದು ಗಂಟೆಗೆ 500 ಕಿ.ಮೀ., ಏರ್‌ಬಸ್ ಜೆಟ್ 800ರ ಮೇಲೆ, ನಿಜ. ಆದರೆ ಇಷ್ಟು ಹತ್ತಿರದ ಹಾದಿಯಲ್ಲಿ ಏರ್‌ಬಸ್ ಪೂರ್ತಿ ವೇಗದಲ್ಲಿ ಓಡುವುದೇ ಸ್ವಲ್ಪ ಹೊತ್ತು; ಉಳಿದದ್ದೆಲ್ಲ ಏರುವುದು, ಇಳಿಯುವುದು. ಕೊನೆಗೆ ವ್ಯತ್ಯಾಸ ಹತ್ತು ನಿಮಿಷದ ಆಸುಪಾಸು.

ಟಿಕೆಟ್‌ನ ಲೆಕ್ಕವೂ ತಪ್ಪುವುದು ಮಳೆಗಾಲದಲ್ಲಿ. ಬಜಪೆಯದು ಗುಡ್ಡದ ನೆತ್ತಿ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ, ಉದ್ದ 2,450 ಮೀಟರ್, ಅಂಚಿನಾಚೆ ಕಮರಿ. ಜೂನ್, ಜುಲೈನಲ್ಲಿ ಮೋಡ ಗುಡ್ಡಕ್ಕೆ ಒರಗಿ ಕೂತರೆ ಪೈಲಟ್‌ಗೆ ರನ್‌ವೇ ಕಾಣಲ್ಲ. ಮೇಲೆ ಸುತ್ತು ಹಾಕಿ ಕಾಯುತ್ತಾರೆ, ತೆರವಾಗದಿದ್ದರೆ ಬೆಂಗಳೂರಿಗೋ ಕೇರಳದ ಯಾವುದಾದರೂ ನಿಲ್ದಾಣಕ್ಕೋ ತಿರುಗಿಸುತ್ತಾರೆ.

ಮನೆಯಿಂದ ಮನೆಗೆ ಲೆಕ್ಕ ಹಾಕುವುದಾದರೆ: ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಒಂದೂವರೆ ತಾಸು, ಚೆಕ್-ಇನ್ ಕೌಂಟರ್ 60 ನಿಮಿಷ ಮೊದಲೇ ಮುಚ್ಚುವುದರಿಂದ ಅಲ್ಲಿ ಒಂದೂವರೆ ತಾಸು, ಹಾರಾಟ 1 ಗಂಟೆ 10 ನಿಮಿಷ, ಬ್ಯಾಗ್ ತೆಗೆದುಕೊಂಡು ಬಿಜೈ ಬಸ್ ನಿಲ್ದಾಣ ಮುಟ್ಟಲು ಮುಕ್ಕಾಲು ತಾಸು. ಒಟ್ಟು ಐದು ತಾಸು ಹಿಡಿಯಿರಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ, ಟಿಕೆಟ್‌ನಲ್ಲಿ ಟಿ1 ಅಂತಿದೆಯೋ ಟಿ2 ಅಂತಿದೆಯೋ ಹೊರಡುವ ಮುಂಚೆ ನೋಡಿ. ವಿದೇಶದಿಂದ ಬಂದು ಮಂಗಳೂರು ವಿಮಾನ ಹಿಡಿಯುವವರು ಟಿ2ನಲ್ಲಿ ಇಳಿಯುತ್ತಾರೆ. ಮುಂದಿನದು ಟಿ1 ಆದರೆ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಮುಗಿಸಿ ಅಲ್ಲಿಗೆ ಶಟಲ್ ಬಸ್ ಹಿಡಿಯಬೇಕು. ಮೂರು ತಾಸಿನ ಅಂತರವಿಲ್ಲದೆ ಬುಕ್ ಮಾಡಬೇಡಿ.

ಮಳೆಗಾಲದಲ್ಲಿ ರಾತ್ರಿಯ ಕೊನೆಯ ವಿಮಾನವಂತೂ ಬೇಡ. ಅದು ಇಳಿಯಲಾಗದೆ ಬೆಂಗಳೂರಿಗೆ ವಾಪಸ್ ಬರುವಷ್ಟರಲ್ಲಿ ಮಂಗಳೂರಿನ ಸ್ಲೀಪರ್ ಬಸ್ಸುಗಳೂ ಹೊರಟುಹೋಗಿರುತ್ತವೆ.