ಚಿಂತೆಯಿದ್ದರೆ ಗಾಯ ಮಾಯುವುದು ತಡವಾಗುವುದೇ?

ಪ್ರಶ್ನೆ: ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದರೂ ನನ್ನ ಗಾಯ ಪೂರ್ತಿ ವಾಸಿಯಾಗಿಲ್ಲ. ಮನೆಯ ಚಿಂತೆಗಳು ಇದಕ್ಕೆ ಕಾರಣವಿರಬಹುದೇ?

ಉತ್ತರ: ಭಾಗಶಃ ಇರಬಹುದು. ಮಾನಸಿಕ ಒತ್ತಡದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು, ಗಾಯದ ಜಾಗಕ್ಕೆ ರಕ್ಷಣಾ ಕೋಶಗಳನ್ನು ಕರೆತರುವ ಸೈಟೊಕೈನ್‌ಗಳ ಉತ್ಪತ್ತಿಯನ್ನು ತಗ್ಗಿಸುವುದರಿಂದ, ಮಾಯುವ ಕ್ರಿಯೆಯ ಆರಂಭದ ಹಂತವೇ ನಿಧಾನವಾಗುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮರೆಗುಳಿ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರಿಗೆ ಮಾಡಿದ ಕೇವಲ 3.5 ಮಿಲಿಮೀಟರ್ ಅಗಲದ ಗಾಯ ಮಾಯಲು ಇತರರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತು. ಒತ್ತಡದಿಂದ ನಿದ್ದೆ, ಊಟ ಕೆಡುವುದೂ ಗಾಯವನ್ನು ಬಾಧಿಸುತ್ತದೆ. ಇದನ್ನು ನಾವು ಹಗುರವಾಗಿ ಕಾಣುವುದೇ ಹೆಚ್ಚು. ಆದರೆ ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟದೆ, ಸೋಂಕು ಅಥವಾ ಮಧುಮೇಹ ಇದೆಯೇ ಎಂಬುದನ್ನು ಮೊದಲು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.