ಹಾಕಾ ನಿಲ್ಲಿಸಬೇಕೇ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ನ್ಯೂಜಿಲೆಂಡ್ ರಗ್ಬಿ ತಂಡ ಪಂದ್ಯಕ್ಕೆ ಮುಂಚೆ ಎದುರಾಳಿಗಳ ಮುಂದೆ ನಿಂತು ಹಾಕಾ ಕುಣಿಯುತ್ತದೆ. ಕಣ್ಣು ಕೆಕ್ಕರಿಸಿ, ನಾಲಿಗೆ ಚಾಚಿ, ಕೂಗಾಡಿ ಹೆದರಿಸುತ್ತದೆ. ಎದುರಿನವರು ಮುಂದೆ ಬಂದರೆ ಮಾತ್ರ ದಂಡ! ಒಂದೇ ತಂಡಕ್ಕೆ ಈ ಸೌಲಭ್ಯ ಯಾಕೆ? ಇದನ್ನು ನಿಲ್ಲಿಸುವುದೇ ಸರಿಯಲ್ವಾ?"

ಪ್ರಿಯ ಓದುಗರೇ,

ದಂಡದ ಬಗ್ಗೆ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದು. ಆದರೆ ಹಾಕಾ ನಿಲ್ಲಿಸಬೇಕು ಅನ್ನುವ ಮಾತನ್ನು ನಾನು ಒಪ್ಪಲಾರೆ.

ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್ ರಗ್ಬಿ ತಂಡದ ಹೆಸರು) ಹೆಚ್ಚಾಗಿ ಮಾಡುವ ಹಾಕಾ 'ಕಾ ಮಾಟೆ'. ಅದನ್ನು ಕಟ್ಟಿದವನು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ನ್ಗಾಟಿ ಟೋವಾ ಕುಲದ ನಾಯಕ ಟೆ ರೌಪರಾಹಾ, ಸುಮಾರು 1820ರಲ್ಲಿ. ಶತ್ರುಗಳು ಬೆನ್ನಟ್ಟಿ ಬಂದಾಗ ಅವನು ಗೆಣಸು ಕೂಡಿಡುವ ಗುಂಡಿಯಲ್ಲಿ ಅಡಗಿಕೊಂಡ. ಗುಂಡಿಯ ಬಾಯಿಯ ಮೇಲೆ ಒಬ್ಬ ಹೆಂಗಸು ಕೂತು ಅವನನ್ನು ಮರೆಮಾಡಿದಳು. ಸತ್ತೆನೋ, ಬದುಕಿದೆನೋ ಎಂದು ಉಸಿರು ಬಿಗಿಹಿಡಿದು ಕೂತವನು, ಅಪಾಯ ಕಳೆದ ಮೇಲೆ ಬಿಸಿಲಿಗೆ ಹತ್ತಿ ಬಂದ. ಆ ಖುಷಿಯೇ ಹಾಡಾಯಿತು. ಅದರಲ್ಲಿ ಎದುರಾಳಿಗೆ ಒಂದು ಬೈಗುಳವೂ ಇಲ್ಲ. ಸಾವಿನ ಮಾತು ಮೊದಲು ಬರುತ್ತದೆ ನಿಜ, ಆದರೆ ಕೊನೆಗೆ ಬರುವುದು ಸೂರ್ಯ.

2005ರಲ್ಲಿ ಡನೀಡಿನ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಮೊದಲ ಸಲ ಮಾಡಿದ 'ಕಾಪಾ ಓ ಪಾಂಗೊ' ಬೇರೆ ಥರದ್ದು. ಅದರ ಕೊನೆಯಲ್ಲಿ ಕತ್ತಿನ ಬಳಿ ಕೈ ಎಳೆದ ರೀತಿ ನೋಡಿ ಬಹಳ ಜನ ಗಾಬರಿಯಾದರು. ಹೃದಯಕ್ಕೂ ಶ್ವಾಸಕೋಶಕ್ಕೂ ಪ್ರಾಣಶಕ್ತಿ ಎಳೆದುಕೊಳ್ಳುವ ಸನ್ನೆ ಅದು ಎಂದು ಅದನ್ನು ರಚಿಸಿದ ಡೆರೆಕ್ ಲಾರ್ಡೆಲಿ ವಿವರಿಸಿದರು. ಆದರೂ ಗ್ಯಾಲರಿಯಲ್ಲಿ ಕೂತವರಿಗೆ ಕತ್ತು ಕೊಯ್ಯುವ ಹಾಗೆ ಕಂಡರೆ ಅವರದು ತಪ್ಪು ಅನ್ನಲಾಗದು.

ಇನ್ನು ಹಾಕಾ ಬಗ್ಗೆ ನ್ಯೂಜಿಲೆಂಡಿಗಿರುವ ಹೆಮ್ಮೆಯ ಮಾತು. ಈ ಹೆಮ್ಮೆ ಸುಮ್ನೆ ಬಂದದ್ದಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದಕ್ಕೆ ತಲೆಬಾಗಿ 1928, 1949 ಮತ್ತು 1960ರ ಪ್ರವಾಸಗಳಿಗೆ ಮಾವೋರಿ ಆಟಗಾರರನ್ನೇ ಕೈಬಿಟ್ಟ ದೇಶ ಅದು. ಅವರ ಕುಣಿತ ಬೇಕು, ಅವರು ಬೇಡ! ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಳೆಯ ಚಿತ್ರಗಳಲ್ಲಿ, ಉದಾಹರಣೆಗೆ 1973ರ ಕಾರ್ಡಿಫ್ ಪಂದ್ಯದಲ್ಲಿ, ಆಟಗಾರರು ಹಾಕಾ ಮಾಡುವುದನ್ನು ನೋಡಿ. ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ತಾಳ ಇಲ್ಲ. 1980ರ ದಶಕದಲ್ಲಿ ಬಕ್ ಶೆಲ್ಫರ್ಡ್ ಮತ್ತು ಹಿಕಾ ರೀಡ್ ಎಂಬ ಮಾವೋರಿ ಆಟಗಾರರು ಪಟ್ಟು ಹಿಡಿದರು: ಮಾಡಿದರೆ ಸರಿಯಾಗಿ ಮಾಡೋಣ, ಇಲ್ಲದಿದ್ದರೆ ಬಿಟ್ಟುಬಿಡೋಣ. ತಂಡ ಮಾವೋರಿ ಶಾಲೆಗೆ ಹೋಗಿ ಕಲಿಯಿತು. ತವರಿನ ಪಂದ್ಯಗಳಲ್ಲೂ ಹಾಕಾ ಮಾಡುವ ರೂಢಿ ಬಂದದ್ದು 1987ರ ವಿಶ್ವಕಪ್‌ನಿಂದ. ನೀವು ಟೀವಿಯಲ್ಲಿ ನೋಡುವ ಆ ಬಿಗಿ, ಆ ಒಗ್ಗಟ್ಟು, ಬಿಳಿಯರೂ ಮಾವೋರಿಗಳೂ ಒಟ್ಟಿಗೆ ಕೂತು ಕಲಿತದ್ದರ ಫಲ. ಇಂಥದ್ದನ್ನು ನಿಲ್ಲಿಸಿ ಎಂದು ಯಾವ ಬಾಯಿಂದ ಹೇಳುವುದು?

ಈಗ ದಂಡಕ್ಕೆ ಬರೋಣ. ಗರಡಿಯಲ್ಲಿ ಒಬ್ಬ ಪೈಲ್ವಾನ ತೊಡೆ ತಟ್ಟಿದರೆ ಇನ್ನೊಬ್ಬ ಕೈಕಟ್ಟಿ ನಿಲ್ಲುತ್ತಾನೆಯೇ? ಅವನೂ ತಟ್ಟುತ್ತಾನೆ. ಹಾಕಾ ಕೂಡ ಸವಾಲೇ. 1905ರಲ್ಲಿ ಕಾರ್ಡಿಫ್‌ನಲ್ಲಿ ಇದು ಚೆನ್ನಾಗಿ ನಡೆಯಿತು. ಹಾಕಾ ಮುಗಿದದ್ದೇ ತಡ, ವೇಲ್ಸ್‌ನ ಟೆಡ್ಡಿ ಮಾರ್ಗನ್ ತಮ್ಮ ನಾಡಗೀತೆ ಎತ್ತಿಕೊಂಡರು, ಇಡೀ ಮೈದಾನ ದನಿಗೂಡಿಸಿತು. ಪಂದ್ಯದ ಏಕೈಕ ಟ್ರೈ (ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೊತ್ತಿ ಪಡೆಯುವ ಅಂಕ) ಗಳಿಸಿದ್ದೂ ಅದೇ ಮಾರ್ಗನ್. ವೇಲ್ಸ್ 3-0ರಿಂದ ಗೆದ್ದಿತು. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತದ್ದು ಅದೊಂದೇ ಪಂದ್ಯ.

ಆದರೆ 2011ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಆಟಗಾರರು ಕೈ ಕೈ ಹಿಡಿದು, ಬಾಣದ ಆಕಾರದಲ್ಲಿ ನಡೆದು ಬಂದು ಮಧ್ಯದ ಗೆರೆ ದಾಟಿದ್ದಕ್ಕೆ 2,500 ಪೌಂಡ್ ದಂಡ ಬಿತ್ತು. 2019ರಲ್ಲಿ ಯೋಕೊಹಾಮಾದ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಹಾಕಾಕ್ಕೆ ಎದುರಾಗಿ ಎರಡು ರೆಕ್ಕೆ ಚಾಚಿದಂತೆ ಸಾಲುಗಟ್ಟಿ ನಿಂತಿತು, ಕೆಲವರು ಗೆರೆ ದಾಟಿದರು. ದಂಡ 2,000 ಪೌಂಡ್. ಇದು ನನಗೂ ತೀರಾ ತಪ್ಪು ಅನ್ನಿಸುತ್ತದೆ. ಯಾರೂ ಯಾರನ್ನೂ ಮುಟ್ಟಲಿಲ್ಲ, ಅಣಕಿಸಲಿಲ್ಲ. ಸವಾಲನ್ನು ಸವಾಲಾಗಿಯೇ ತಗೊಂಡರು, ಅಷ್ಟೇ.

ಅಂದಹಾಗೆ, ಈ ಸೌಲಭ್ಯ ಒಂದೇ ತಂಡಕ್ಕೆ ಇರುವುದಲ್ಲ. ಸಮೋವಾ, ಟೋಂಗಾ, ಫಿಜಿ ತಂಡಗಳಿಗೂ ತಮ್ಮದೇ ಸವಾಲಿನ ಕುಣಿತಗಳಿವೆ. 2003ರ ವಿಶ್ವಕಪ್‌ನಲ್ಲಿ ಆಲ್ ಬ್ಲ್ಯಾಕ್ಸ್ ಹಾಕಾ ಮುಗಿಸುವ ಮೊದಲೇ ಟೋಂಗಾದವರು ತಮ್ಮ 'ಸಿಪಿ ಟಾವು' ಶುರು ಮಾಡಿದ್ದರು.

ಬಿಡುವಾದಾಗ 2008ರಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ ಅಲ್ಲಿನ ಪ್ರಾಂತೀಯ ತಂಡ ಮನ್‌ಸ್ಟರ್ ಮತ್ತು ಆಲ್ ಬ್ಲ್ಯಾಕ್ಸ್ ನಡುವೆ ನಡೆದ ಪಂದ್ಯದ ವಿಡಿಯೊ ನೋಡಿ. ಮನ್‌ಸ್ಟರ್ ಪರ ಆಡುತ್ತಿದ್ದ ನಾಲ್ವರು ನ್ಯೂಜಿಲೆಂಡಿಗರು ಮುಂದೆ ಬಂದು ತಾವೇ ಮೊದಲು ಹಾಕಾ ಮಾಡಿದರು. ಆಲ್ ಬ್ಲ್ಯಾಕ್ಸ್ ಅದನ್ನು ನಿಂತು ನೋಡಿ, ಆಮೇಲೆ ತಮ್ಮದನ್ನು ಮಾಡಿತು. ಪಂದ್ಯ ಕೊನೆಯ ನಿಮಿಷಗಳವರೆಗೂ ಎಳೆದಾಡಿ 18-16ಕ್ಕೆ ಮುಗಿಯಿತು.

ವಿಶ್ವ ರಗ್ಬಿ ಸಂಸ್ಥೆ ತೆಗೆಯಬೇಕಾದದ್ದು ಹಾಕಾ ವೇಳೆ ಎದುರಾಳಿಗಳು ಮಧ್ಯದ ಗೆರೆ ದಾಟಬಾರದೆಂಬ ಈ ನಿಯಮವನ್ನು. ಕೈಕೈ ಮಿಲಾಯಿಸುವ ಹಂತ ಬಂದರೆ ತಡೆಯಲು ರೆಫರಿ ಅಲ್ಲೇ ಇರುತ್ತಾರೆ.

– ಸಂಪಾದಕ