ಕಾರ್ಮಿಕರ ಪಿಎಫ್ ಹಣ ನಿಮ್ಮ ಕೈಸಾಲ ಅಲ್ಲ

ಮಾಲೀಕರು ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಯುಎಎನ್ (ಕೆಲಸಗಾರನ ಪಿಎಫ್ ಸಂಖ್ಯೆ) ಮಾಡಿಸುವುದು ಹೇಗೆ, ಇಸಿಆರ್ (ಯಾರಿಗೆ ಎಷ್ಟು ಪಿಎಫ್ ಎಂಬ ತಿಂಗಳ ಪಟ್ಟಿ) ಅಪ್‌ಲೋಡ್ ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಗೊತ್ತಿರಲೇಬೇಕು.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಪಾಲುದಾರಿಕೆಯ ಸಣ್ಣ ಫೌಂಡ್ರಿ. 22 ಕೆಲಸಗಾರರು. ಎಲ್ಲರಿಗೂ ಬೇಸಿಕ್, ಡಿಎ ಸೇರಿ 15,000 ರೂಪಾಯಿ. 2025ರ ಏಪ್ರಿಲ್, ಮೇ, ಜೂನ್ ಸಂಬಳದಲ್ಲಿ ಪಿಎಫ್ ಹಿಡಿದಿದ್ದೇವೆ, ಆದರೆ ಕಟ್ಟಿಲ್ಲ. ದೊಡ್ಡ ಗಿರಾಕಿಯ ಬಿಲ್ ನಿಂತಿದೆ. ‘ವರ್ಷದ ಕೊನೆಗೆ ಬಡ್ಡಿ ಸೇರಿಸಿ ಕಟ್ಟಿದರಾಯಿತು, ಬ್ಯಾಂಕ್ ಓಡಿಗಿಂತ (ಓವರ್‌ಡ್ರಾಫ್ಟ್ ಸಾಲ) ಅಗ್ಗ’ ಎನ್ನುತ್ತಾರೆ ನಮ್ಮ ಲೆಕ್ಕದವರು. ಸರಿನಾ?

ಉತ್ತರ: ಸರಿಯಲ್ಲ. ಅಗ್ಗವೂ ಅಲ್ಲ. ಲೆಕ್ಕ ಮಾಡಿಯೇ ನೋಡೋಣ.

ಕಾರ್ಮಿಕರ ಪಾಲು ಶೇ 12, ಅಂದರೆ ತಲಾ 1,800 ರೂಪಾಯಿ. 22 ಜನರಿಗೆ 39,600. ನಿಮ್ಮ ಪಾಲೂ ಅಷ್ಟೇ. ಜೊತೆಗೆ ಇಡಿಎಲ್‌ಐ ವಿಮೆಗೆ (ಕೆಲಸಗಾರ ತೀರಿಕೊಂಡರೆ ಕುಟುಂಬಕ್ಕೆ ಸಿಗುವ ಹಣ) ಶೇ 0.5, ಆಡಳಿತ ವೆಚ್ಚಕ್ಕೆ ಶೇ 0.5. ಒಟ್ಟು ತಿಂಗಳಿಗೆ 82,500. ಮೂರು ತಿಂಗಳಿಗೆ 2,47,500.

ಇದರ ಮೇಲೆ ವರ್ಷಕ್ಕೆ ಶೇ 12 ಬಡ್ಡಿ. ನಿಮ್ಮ ಲೆಕ್ಕದವರು ಇಲ್ಲಿಗೇ ಪೆನ್ನು ಇಟ್ಟುಬಿಟ್ಟಿದ್ದಾರೆ. ಬಡ್ಡಿ ಬೇರೆ, ದಂಡ ಬೇರೆ. 2024ರ ಜೂನ್‌ನಿಂದ ದಂಡ ತಿಂಗಳಿಗೆ ಶೇ 1. ಹಿಂದೆ ವಿಳಂಬ ಹೆಚ್ಚಿದಂತೆ ಅದು ವರ್ಷಕ್ಕೆ ಶೇ 25ರವರೆಗೂ ಏರುತ್ತಿತ್ತು. ಎರಡೂ ಸೇರಿದರೆ ವರ್ಷಕ್ಕೆ ಶೇ 24. ಮೂರು ತಿಂಗಳ ಬಾಕಿ ಒಂದು ತಿಂಗಳು ಸುಮ್ನೆ ಕೂತರೆ 4,950 ರೂಪಾಯಿ ಹೋಯಿತು.

ಇನ್ನು 2025–26ರ ಆದಾಯ ತೆರಿಗೆ. ಕಾರ್ಮಿಕರಿಂದ ಹಿಡಿದ ಪಾಲನ್ನು ಪಿಎಫ್ ಗಡುವಿನೊಳಗೆ ಕಟ್ಟದಿದ್ದರೆ ಅದನ್ನು ಖರ್ಚು ಎಂದು ತೋರಿಸುವ ಹಾಗಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಕಟ್ಟಿದರೂ ನಿಮ್ಮ ಈ ಮೂರು ತಿಂಗಳ 1,18,800 ರೂಪಾಯಿ ಆದಾಯವೆಂದೇ ಎಣಿಕೆ. ಪಾಲುದಾರಿಕೆ ಸಂಸ್ಥೆಗೆ ಶೇ 30ರಂತೆ ತೆರಿಗೆ 35,640. ಸೆಸ್ ಬೇರೆ. ಯಾವ ಬ್ಯಾಂಕಿನ ಓಡಿ ಇಷ್ಟು ದುಬಾರಿ, ನೀವೇ ಕೇಳಿ ನೋಡಿ.

ದುಡ್ಡಿನ ಮಾತು ಇಷ್ಟು. ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಆ 1,800 ರೂಪಾಯಿ ನಿಮ್ಮದಲ್ಲ. ಕೆಲಸಗಾರ ದುಡಿದ ಸಂಬಳದಿಂದ ತೆಗೆದಿಟ್ಟುಕೊಂಡದ್ದು. ಹಿಡಿದು ಕಟ್ಟದಿದ್ದರೆ ಕಾನೂನು ಅದನ್ನು ನಂಬಿಕೆದ್ರೋಹದ ಅಪರಾಧ ಎನ್ನುತ್ತದೆ. ಹಿಂದೆ ಐಪಿಸಿ 405ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 316ರಲ್ಲಿದೆ. ಆ ತಿಂಗಳುಗಳಲ್ಲಿ ಜಾರಿಯಲ್ಲಿದ್ದ 1952ರ ಪಿಎಫ್ ಕಾಯ್ದೆಯಲ್ಲೂ ಈ ತಪ್ಪಿಗೆ ಒಂದರಿಂದ ಮೂರು ವರ್ಷ ಜೈಲಿದೆ. ನಿಮ್ಮದೇ ಪಾಲು ಬಾಕಿ ಇದ್ದರೆ ಅದೊಂದು ಮಾತು. ಅವರ ಪಾಲನ್ನು ಹಿಡಿದು ಕಬ್ಬಿಣದ ಖರೀದಿಗೆ ಹಾಕುವುದು ಇನ್ನೊಂದು ಮಾತು. ಗಿರಾಕಿ ಕೊಟ್ಟಿಲ್ಲ ಎನ್ನುವುದು ನಿಮ್ಮ ಮತ್ತು ಗಿರಾಕಿಯ ನಡುವಿನ ವಿಷಯ. ಕುಲುಮೆ ಮುಂದೆ ನಿಂತವನಿಗೆ ಅದರಲ್ಲಿ ಏನು ಪಾತ್ರ?

ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದು ಅವನು ಮುಂಗಡಕ್ಕೆ ಅರ್ಜಿ ಹಾಕಿದಾಗ ಪಾಸ್‌ಬುಕ್‌ನಲ್ಲಿ ಮೂರು ತಿಂಗಳು ಖಾಲಿ ಇರುತ್ತದೆ. ಅವನೇ ತೀರಿಕೊಂಡರೆ ಕುಟುಂಬಕ್ಕೆ ಇಡಿಎಲ್‌ಐನಿಂದ ಗರಿಷ್ಠ 7 ಲಕ್ಷದವರೆಗೆ ಬರಬೇಕು. ಬಾಕಿ ಇದ್ದಾಗ ಆ ಕ್ಲೇಮಿಗಾಗಿ ಹೆಂಡತಿ ಕಚೇರಿ ಅಲೆಯಬೇಕಾಗುತ್ತದೆ. ಅಂಥ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಆದ್ದರಿಂದಲೇ ಈ ವಿಷಯದಲ್ಲಿ ಮೆತ್ತಗೆ ಮಾತಾಡಲು ನನಗೆ ಆಗುವುದಿಲ್ಲ.

ಈಗ ಮಾಡಬೇಕಾದ್ದು: ನೋಟಿಸ್ ಬರಲಿ ಅಂತ ಕಾಯಬೇಡಿ. ಓಡಿಯಿಂದಲೇ ತೆಗೆದು ಮೂರೂ ತಿಂಗಳದ್ದನ್ನು ಕಟ್ಟಿ. ಬಡ್ಡಿಯನ್ನೂ ನೀವಾಗಿಯೇ ಕಟ್ಟಿ. ಕೆಲಸಗಾರರಿಗೆ ವಿಷಯ ನೇರವಾಗಿ ತಿಳಿಸಿ. ಅವರ ಸಂಬಳದಿಂದ ಮತ್ತೆ ಒಂದು ಪೈಸೆ ಹಿಡಿಯುವ ಹಾಗಿಲ್ಲ, ಬಡ್ಡಿಗೂ ಇಲ್ಲ, ದಂಡಕ್ಕೂ ಇಲ್ಲ. ಮುಂದಿನ ತಿಂಗಳಿಂದ ಸಂಬಳ ಹಾಕುವ ದಿನವೇ ಪಿಎಫ್ ಮೊತ್ತವನ್ನು ಬೇರೆ ಖಾತೆಗೆ ವರ್ಗಾಯಿಸಿ. ಗಡುವು ಮುಂದಿನ ತಿಂಗಳ 15. ನಾನು ನನ್ನ ಕಕ್ಷಿದಾರರಿಗೆ 10ರೊಳಗೆ ಮುಗಿಸಿ ಎನ್ನುತ್ತೇನೆ. 15ರ ಸಂಜೆ ಪೋರ್ಟಲ್ ನಂಬಿ ಕೂರುವವರ ಧೈರ್ಯ ನನಗಿಲ್ಲ. ‘20ರವರೆಗೆ ಗ್ರೇಸ್ ಇದೆ’ ಎನ್ನುವವರು ಇನ್ನೂ ಇದ್ದಾರೆ. ಆ ಐದು ದಿನ 2016ರಲ್ಲೇ ರದ್ದಾಗಿದೆ!

ಮತ್ತೊಂದು ಮಾತು. ‘ಕಮಿಷನರ್ ಕಚೇರಿಯಲ್ಲಿ ನಮ್ಮವರಿದ್ದಾರೆ, ಬಡ್ಡಿ, ದಂಡ ಎರಡೂ ಮಾಫಿ ಮಾಡಿಸುತ್ತೇನೆ’ ಎಂದು ಬರುವ ಏಜೆಂಟರಿಗೆ ಬಾಗಿಲು ತೆರೆಯಬೇಡಿ. ಬಡ್ಡಿ ಮಾಫಿ ಮಾಡುವ ಅಧಿಕಾರ ಕಮಿಷನರಿಗೇ ಇಲ್ಲ. ಏಜೆಂಟನಿಗೆ ಎಲ್ಲಿಂದ ಬಂತು?

ಪ್ರಶ್ನೆ: ಕೆಲಸಗಾರರೇ ಪಿಎಫ್ ಬೇಡ ಎಂದು ಛಾಪಾ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಸಂಬಳ 13,000. ಸಾಕಲ್ವಾ?

ಉತ್ತರ: ಆ ಕಾಗದಕ್ಕೆ ಬೆಲೆಯಿಲ್ಲ. 15,000ದವರೆಗಿನ ಸಂಬಳಕ್ಕೆ ಪಿಎಫ್ ಕಡ್ಡಾಯ, ಸೇರಿದ ದಿನದಿಂದಲೇ.

ಪ್ರಶ್ನೆ: 24 ಜನ ಇದ್ದರು, ಈಗ 16. ಪಿಎಫ್ ನಿಲ್ಲಿಸಬಹುದಾ?

ಉತ್ತರ: ಇಲ್ಲ. 20 ಮುಟ್ಟಿ ಒಮ್ಮೆ ಕಾಯ್ದೆಯೊಳಗೆ ಬಂದ ಮೇಲೆ ಸಂಖ್ಯೆ ಇಳಿದರೂ ಒಳಗೇ ಇರುತ್ತೀರಿ.

ಪ್ರಶ್ನೆ: ಬೇಸಿಕ್ 6,000 ಇಟ್ಟು ಉಳಿದ 8,000 ‘ವಿಶೇಷ ಭತ್ಯೆ’ ಎಂದು ತೋರಿಸಿದರೆ ಪಿಎಫ್ ಕಡಿಮೆ ಬರುತ್ತದಂತೆ?

ಉತ್ತರ: ಎಲ್ಲರಿಗೂ ಪ್ರತಿ ತಿಂಗಳು ಕೊಡುವ ಅಂಥ ಭತ್ಯೆ ಬೇಸಿಕ್‌ನ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲೇ ಹೇಳಿದೆ. ಈ ಸಲಹೆ ಕೊಟ್ಟವರನ್ನು ಬದಲಿಸಿ.

ಪ್ರಶ್ನೆ: ಸೆಕ್ಯೂರಿಟಿಯವರು ಕಂಟ್ರಾಕ್ಟರ್ ಕಡೆಯವರು. ಅವರ ಪಿಎಫ್ ನಮಗೆ ಸಂಬಂಧವಿಲ್ಲ ತಾನೇ?

ಉತ್ತರ: ಇದೆ. ಕಂಟ್ರಾಕ್ಟರ್ ಕಟ್ಟದಿದ್ದರೆ ಮುಖ್ಯ ಮಾಲೀಕರಾದ ನೀವೇ ಕಟ್ಟಬೇಕು. ಅವರ ಬಿಲ್ ಪಾಸು ಮಾಡುವ ಮೊದಲು ಆ ತಿಂಗಳ ಚಲನ್ ಮತ್ತು ಹೆಸರುಗಳಿರುವ ಇಸಿಆರ್ ಪ್ರತಿ ಎರಡನ್ನೂ ಕೇಳಿ. ಬರೀ ಚಲನ್ ತೋರಿಸಿದರೆ ಒಪ್ಪಬೇಡಿ, ಅದರಲ್ಲಿ ನಿಮ್ಮ ಗೇಟಿನಲ್ಲಿ ನಿಂತವರ ಹೆಸರೇ ಇರುವುದಿಲ್ಲ.